ಅರ್ಧ ಟಿಕೀಟು

‘ಚಲೋದೊಂದು ಪಿಚ್ಚರ್ ಹೇಳ್ರಿ’ ಅಂದದ್ದ ತಡ,
ಒಬ್ಬೊಬ್ಬರು ಒಂದೊಂದು ಕೊಟ್ಟರು,
ಕಾಂಪೌಂಡ್ ಮ್ಯಾಲಿಂದ ಉಪ್ಪಿನಕಾಯಿ ಬಟ್ಟಲಾ ದಾಟಿಸಿದಂಗ:
‘ನೋಡು, ಆಮ್ಯಾಲೆ ಹೇಳು.’

ಟೇಲರ್ ಇಮಾಮಸಾಬ ಹೇಳಿದ್ದರಾಗ ಕತೀನ ಇಲ್ಲ.
‘ಹೀರೋನ ಕಾಲರ್ ನೋಡವಾ, ಕತ್ತರಿ ಹ್ಯಾಂಗ ತಿರಿಗೇತಿ.’
ಕಾಕಾ ಹೊಡೆದಾಟ ಎಣಿಸಿ ಹೇಳಾಂವ:
‘ಒಂಬತ್ತು ಅದಾವು, ಒಂದು ಮಳ್ಯಾಗ.’
ಅಕ್ಕನ ಮಗ ವಿಶ್ರುತ ಕೊರಿಯಾದ್ದೊಂದು ಕಳಿಸಿ
‘ಮೌಶಿ, ಮೊದಲ ಅರ್ಧ ತಾಸು ತಡಕೋ’ ಅಂತ ಬರೆದ.
ತಡಕೊಂಡೆ. ಅರ್ಧ ತಾಸಿಗೆ ನಿದ್ದಿ ಬಂತು.
‘ಭಾಳ ಚಲೋ ಐತಿ’ ಅಂತ ಮುಂಜಾನೆ ಉತ್ತರ ಹಾಕಿದೆ.

ಅವ್ವ ಹುರುಳಿ ಹಸನ ಮಾಡತಿದ್ದಳು.
ಮರ ನಿಲ್ಲಿಸಿ, ‘ಆ ಕುಂಟಂದು’ ಅಂದಳು.
‘ಹೆಸರು?’
‘ಖಾಜಾಬಿಗೆ ಗೊತ್ತು. ಹೆಸರು ಬರೂದು ಮೊದಲ ಅಲ್ಲೇನು?
ನಾ ಯಾವತ್ತ ನೋಡೀನಿ ಮೊದಲಿಂದು?’

ಬೆಟಗೇರ್ಯಾಗ ಎರಡು ಮನಿಗೂಡಿ ಒಂದ ಗ್ವಾಡಿ.
ಈಚೆ ನಮ್ಮ ಮಗ್ಗ, ಆಚೆ ಖಾಜಾಬೀದು.
ಈ ಲಾಳಿ ನಿಂತರ ಆ ಲಾಳಿ ‘ಯಾಕ’ ಅಂತ ಕೇಳತಿತ್ತು.
ವಾರದ ಮಜೂರಿ ಕೈಗೆ ಬಂದ ರಾತ್ರಿ
ಇಬ್ಬರ ನಡುವ ಒಂದು ಟಿಕೀಟು.
ಮೊದಲರ್ಧ ಖಾಜಾಬೀದು.
ಅಷ್ಟೊತ್ತು ಮನ್ಯಾಗ ಅವ್ವ:
ಅಪ್ಪಗ ರೊಟ್ಟಿ, ನನಗ ಮೊಲಿ, ಅವರ ರಶೀದಗ ಜ್ವರದ ಔಷಧ.
ಇಂಟರ್‌ವೆಲ್ ಗಂಟಿಗೆ ಸರಿಯಾಗಿ ಟಾಕೀಜಿನ ಬಾಗಲದಾಗ
ಟಿಕೀಟು ಈ ಕೈಗೆ, ಕೂಸು ಆ ಕೈಗೆ.
ಕೂಸು ಅಂದ್ರ ನಾನು.
ಗೇಟಿನ ಮುದುಕಪ್ಪ ಆವಾಗನ ಬೀಡಿ ಹಚ್ಚಾಕ
ಗ್ವಾಡಿ ಕಡೆ ಹೊಳ್ಳತಿದ್ದ.
ಶೇಂಗಾದ ಗಾಡಿಯ ಕಂದೀಲಿನ ಬೆಳಕಿನ್ಯಾಗ
ಒಂದೂವರಿ ತಾಸಿನ ಕತಿ ಒಂದ ಉಸರಿನ್ಯಾಗ:
‘ಅಣ್ಣ ಕೆಟ್ಟಾಂವ, ಅತ್ತಿ ನಾಟಕ ಮಾಡತಾಳ, ಪತ್ರ ದಿಂಬಿನ ಕೆಳಗ,
ಕುಂಟನ ಮ್ಯಾಲೆ ಕಣ್ಣಿಡು, ಅಂವ ಚಲೋ ಮನಶ್ಯಾ. ನಡಿ, ನಡಿ.’

ಮರುದಿನ ಕಂಡಿಕಿ ಸುತ್ತಕೋತ
ಉಳಿದರ್ಧ ಹೇಳಿ ಅವ್ವ ಸಾಲ ತೀರಸತಿದ್ದಳು.
ರಾಟಿ ನಿಂತು ನಿಂತು ತಿರಗತಿತ್ತು.
ಆ ನೂಲಿನ ಸೀರಿ ಯಾರ್ಯಾರು ಉಟ್ಟರೋ,
ನಡುವ ಒಂದೆರಡು ಎಳಿ ಸಡ್ಲ ಇದ್ದಿರಬೇಕು.

ಖಾಜಾಬಿ ಹೆಸರು ಹೇಳಿದಳು. ಹುಡುಕಿದೆ.
ಯಾರೋ ಪುಣ್ಯಾತ್ಮ ಏರಿಸಿದ್ದ, ಮೈತುಂಬ ಗೀರು ಬಿದ್ದದ್ದು.
ಶನಿವಾರ ರಾತ್ರಿ ಒಬ್ಬಾಕೆನ ಕುಂತು ಪೂರಾ ನೋಡಿದೆ.

ಕುಂಟ ಸಾಯತಾನ.
ಕೊನಿಗಲ್ಲ. ಇಂಟರ್‌ವೆಲ್ ಆಗಿ ಹತ್ತ ನಿಮಿಷಕ್ಕ,
ಬಾವಿಕಟ್ಟಿ ಮ್ಯಾಲೆ. ಯಾರೂ ಅಳಂಗಿಲ್ಲ ಸೈತ.

ಅವ್ವ ಹೇಳಿದ ಕತ್ಯಾಗ ಅಂವಗ ಲಗ್ನ ಆಗಿತ್ತು,
ಲಕ್ಷ್ಮೇಶ್ವರದಾಗ ಸೈಕಲ್ ಅಂಗಡಿ, ಎರಡು ಹೆಣ್ಣುಮಕ್ಕಳು,
ಸಣ್ಣಾಕಿ ಶಾಣ್ಯಾಕಿ.
ಖಾಜಾಬಿಯ ಗಂಡನ ಕಾಲು ಹತ್ತಿ ಜಿನ್ನಿನ ಪಟ್ಟಾಕ್ಕ ಸಿಕ್ಕ
ವರ್ಷ ಅದು.

ಐತವಾರ ಸಂಜಿ ಇಬ್ಬರೂ ಟೀವಿ ಮುಂದ ಕುಂತರು.
ನನ್ನ ಮಗಳು ಅವ್ವನ ತೊಡಿ ಮ್ಯಾಲೆ ನಿದ್ದಿ ಹೋಗಿದ್ದಳು.
ಹೆಸರು ಬರೂ ಹೊತ್ತಿಗೆ ಅವ್ವ ಕಣ್ಣು ಪಿಳಕಿಸದ ಓದಿದಳು,
ಬೆಳಕು ಹಿಡದವರದು, ಮೇಕಪ್ ಮಾಡಿದವರದು, ಒಬ್ಬರನ್ನೂ ಬಿಡದ.

‘ಇಂಟರ್‌ವೆಲ್’ ಅಂತ ಅಕ್ಷರ ಬಿದ್ದವು.
ಖಾಜಾಬಿ ಮಂಡಿ ಹಿಡಕೊಂಡು ಎದ್ದು
ಎರಡೂ ಕೈ ಚಾಚಿದಳು:
‘ತಾ ಕೂಸು.’
‘ಕುಂದ್ರು ಖಾಲಾ, ಇವತ್ತರ ಪೂರಾ ನೋಡು’ ಅಂದುಬಿಟ್ಟೆ,
ಅಂದ ಮ್ಯಾಲೆ ನಾಲಿಗಿ ಕಚ್ಚಿಕೊಂಡೆ.
‘ನಂದು ಮುಗೀತಲ್ಲ. ಉಳಿದದ್ದು ನಿಮ್ಮವ್ವ ಹೇಳ್ಯಾಳ.
ಸೈಕಲ್ ಅಂಗಡೀದು ಸೈತ ಗೊತ್ತೈತಿ ನನಗ.’

ಅವ್ವ ಮುಖ ಎತ್ತಲಿಲ್ಲ.
ಕೂಸಿನ ಕುಂಚಿಗಿ ಸರಿ ಮಾಡಿ ಎತ್ತಿ ಕೊಟ್ಟಳು.
ಖಾಜಾಬಿ ಒಳಗ ಹೋಗಿ ಕದ ಮುಂದ ಮಾಡಿಕೊಂಡಳು.
ನಾ ದನಿ ಸಣ್ಣ ಮಾಡಿದೆ.
ಬಾವಿ ಬಂತು.