ಬಿ ಮುಂದಿನ ಕೂಡಿಸೋ ಚಿಹ್ನೆ

ಸೋಮವಾರ, ಗುರುವಾರ
ನಮ್ಮ ಸಾಲಿಯ ಕಿಟಕಿ ತೆಗೆಯೋದಿಲ್ಲ.
ಬ್ಯಾಡಗಿ ಯಾರ್ಡಿನಲ್ಲಿ ಚೀಲ ಬಿಚ್ಚಿದರೆ ಸಾಕು,
ಮಗ್ಗಿಯ ನಡುವೆ ಸೀನು.
ಏಳೊಂದ್ಲೆ ಏಳು, ಏಳೆರಡ್ಲೆ... ಆಕ್ಷೀ!
ಸೀದಾ ಇಪ್ಪತ್ತೊಂದಕ್ಕೆ ಹಾರುತ್ತಾರೆ.
ಹದಿನಾಲ್ಕು ಗಾಳಿಗೆ ಹೋಯಿತು.
ನಾನೂ ಸೀನಿದ್ದೆ. ಅಂಕ ಕಳೆಯಲಿಲ್ಲ.

ಮೂರನೇ ಇಯತ್ತೆ, ಮೂವತ್ತೊಂದು ಮಕ್ಕಳು.
ತೊಂಬತ್ತು ಮುಟ್ಟಿದರೆ ಎ ಪ್ಲಸ್,
ಎಪ್ಪತ್ತಕ್ಕೆ ಎ, ಐವತ್ತಕ್ಕೆ ಬಿ ಪ್ಲಸ್, ಮೂವತ್ತಕ್ಕೆ ಬಿ.
ಅದರ ಕೆಳಗೆ ಸಿ.
ಅದನ್ನು ಬರೆಯುವಾಗ ಕೆಂಪು ಪೆನ್ನು
ಪೂರ್ತಿ ಸುತ್ತು ಬರುವುದಿಲ್ಲ,
ಒಡೆದ ಬಳೆಯ ಚೂರಿನ ಹಾಗೆ ನಿಲ್ಲುತ್ತದೆ.

ಮೌಖಿಕಕ್ಕೆ ಬೇರೆ ಕಾಲಂ.
ದರ್ಶನ ಗುಡ್ಡಪ್ಪನವರ ಓದು ಅಂದರೆ ಬೆವರುತ್ತಾನೆ.
ಮೋಟೆಬೆನ್ನೂರಿಗೆ ಹೋಗುವ ಬಸ್ಸಿನ ವ್ಯಾಳ್ಯಾ ಕೇಳಿ,
ಹಾರ್ನಿನ ಸಮೇತ ಒಪ್ಪಿಸುತ್ತಾನೆ,
ಗೇರು ಬದಲಿಸುವಾಗಿನ ಕೊರಗು ಕೂಡ.
ಪಠ್ಯೇತರ ಅಂತ ಒಂದು ಸಾಲಿದೆ. ಬರೆದೆ: ಉತ್ತಮ.
ಹೆಡ್ಮಾಸ್ತರು ಕನ್ನಡಕದ ಮೇಲಿಂದ ನೋಡಿದರು,
ಯಾವುದರಾಗ್ರಿ?
ಬಸ್ಸಿನಾಗ್ರಿ, ಅಂದೆ.
ಚಿತ್ರಕಲೆ ಎಂದು ತಿದ್ದಿದರು.

ಅಲ್ಫಿಯಾ ನದಾಫ ಪೇಪರು ತಂದು
ನನ್ನ ಮೇಜಿಗೆ ಗದ್ದ ಊರಿದಳು.
"ಟೀಚರ್, ಬಿ ಮುಂದ ಕೂಡಿಸೋ ಚಿಹ್ನೆ ಹಾಕೀರಿ.
ಅದರ ಮುಂದ ಏನೂ ಇಲ್ಲ.
ಏನ್ ಕೂಡಿಸಬೇಕ್ರಿ?"
ಹದಿನೆಂಟು ವರ್ಷದ ಸರ್ವೀಸು,
ಯಾರೂ ಕೇಳಿರಲಿಲ್ಲ.
"ಸ್ವಲ್ಪ ಜಾಸ್ತಿ ಅಂತ ಅರ್ಥ ನೋಡವಾ."
"ಎಷ್ಟು ಜಾಸ್ತಿ?"
ಅಷ್ಟರಲ್ಲಿ ಬಿಸಿಯೂಟದ ಗಂಟೆ ಹೊಡೀತು,
ದೇವರು ದೊಡ್ಡವನು.

ಶನಿವಾರ ಪಾಲಕರ ಸಭೆ.
ಅವಳವ್ವ ಖಾಜಾಬಿ ಬಂದಳು,
ತೊಟ್ಟು ಮುರಿಯೋ ಕೆಲಸದಿಂದ ಅರ್ಧ ತಾಸು ಕೇಳಿಕೊಂಡು.
ಎಣ್ಣೆ ಸವರಿದ ಕೈ. ಪ್ರಗತಿ ಪತ್ರವನ್ನು
ಸೆರಗಿನಲ್ಲಿ ಹಿಡಿದಳು, ಘಾಟು ಹತ್ತೀತೆಂದು.
ಗ್ರೇಡು ವಿವರಿಸಿದೆ.
ಬೇರೆಯವರಿಗೆ ಎರಡು ಸಲ ಹೇಳಬೇಕು,
ಈಕೆಗೆ ಒಂದೇ ಸಲಕ್ಕೆ ತಿಳಿಯಿತು.
"ನಮ್ಮಲ್ಲೂ ಹಿಂಗಽ ರೀ. ಕೆಂಪಂದು ಒಂದು ಗುಂಪಿ,
ಮಾಸಿದ್ದು ಒಂದು, ಬೆಳ್ಳಗಾದದ್ದು ಒಂದು.
ಬೆಳ್ಳಂದೂ ಒಗಿಯಂಗಿಲ್ಲ, ಅದಕ್ಕೂ ಗಿರಾಕಿ ಅದಾರ."
ಮಗಳ ಜಡೆಯ ರಿಬ್ಬನ್ನು ಬಿಗಿ ಮಾಡುತ್ತ,
"ಆದರ ನಾವು ಒಣಗಿದ ಮ್ಯಾಲ ಆರಸ್ತೇವ್ರಿ.
ಗಿಡದಾಗ ಹಸರ ಇದ್ದಾಗ
ಹೆಂಗ ಗೊತ್ತಾಕ್ಕೈತ್ರಿ ನಿಮಗ?"

ವ್ಯಂಗ್ಯವಿರಲಿಲ್ಲ. ಕೆಲಸ ಬಲ್ಲವಳು
ಕೆಲಸ ಬಲ್ಲವಳನ್ನು ಕೇಳಿದ್ದಳು.
ನಾಲ್ಕು ರೂಪಣಾತ್ಮಕ, ಎರಡು ಸಂಕಲನಾತ್ಮಕ
ಎಂದು ಬಾಯಿ ತೆರೆದೆ, ಸೀನು ಬಂತು.
"ನನ್ನ ಸೀರಿ ಘಾಟ್ರಿ, ತಪ್ಪ ತಿಳಕೋಬ್ಯಾಡ್ರಿ,"
ನಗುತ್ತ ಸಹಿ ಮಾಡಿದಳು, ಒಂದೊಂದೇ ಅಕ್ಷರ,
ಖಾ. ಜಾ. ಬಿ.
ಅಲ್ಫಿಯಾ ಬೆರಳಿಟ್ಟು ತೋರಿಸಿದಳು,
"ಟೀಚರ್, ಅವ್ವಗೂ ಬಿ ಬಂತು!"

ರಾತ್ರಿ ಹತ್ತೂವರೆಗೆ ಇಲಾಖೆಯ ಸರ್ವರು ಕಣ್ಣು ಬಿಟ್ಟಿತು.
ಮೂವತ್ತೊಂದು ಹೆಸರು, ಪ್ರತಿ ಹೆಸರಿಗೂ ಸಣ್ಣ ಬಾಣ,
ಒತ್ತಿದರೆ ಐದು ಗ್ರೇಡು ಸಾಲಾಗಿ ಇಳಿಯುತ್ತವೆ.
ಬೇಗ ಬೇಗ ಒತ್ತಿದೆ.
ದರ್ಶನನ ಹೆಸರಿಗೆ ಬಂದಾಗ ದೂರದಲ್ಲಿ ಹಾರ್ನು.
ಕಡೇ ಬಸ್ಸು. ಅವನು ಹೇಳಿದ ವ್ಯಾಳ್ಯಾಕ್ಕೇ.
ನಿದ್ದೆಗಣ್ಣು ಉಜ್ಜಿಕೊಂಡೆ,
ಆ ಸಹಿಯ ಹಾಳೆ ಮುಟ್ಟಿದ ಬೆರಳು.
ಅಯ್ಯಯ್ಯೋ, ಉರಿ!
ಬಚ್ಚಲಿಗೆ ಓಡಿ ಮುಖಕ್ಕೆ ನೀರು ಹೊಡೆದುಕೊಂಡು
ಒಂದೇ ಕಣ್ಣಲ್ಲಿ ಬಂದು ನೋಡಿದರೆ ಪರದೆಯ ಮೇಲೆ:
ನಿಮ್ಮ ಅವಧಿ ಮುಗಿದಿದೆ.
ಮೊದಲಿನಿಂದ ಆರಂಭಿಸಿ.

ಮೊದಲ ಹೆಸರು ಅಲ್ಫಿಯಾ.