ತೆರೆಯದ ಡಬ್ಬಿ

ಮತೊಜಿನ್ಯುಶ್ ಬಂದರಿನ ಮೀನು ಕಾರ್ಖಾನೆಯಿಂದ
ಬೆಲ್ಮಿರು ಟವೆಲಿನಲ್ಲಿ ಸುತ್ತಿ ತಂದ ಡಿಸ್ಕು,
ಜ್ವರದ ಕೂಸಿನ ಹಾಗೆ.
ಕರೆಂಟು ಕೊಟ್ಟೆ. ಟಕ್. ಟಕ್. ಟಕ್.
ಓದುವ ಮುಳ್ಳು ದಾರಿ ಸಿಗದೆ
ಗೋಡೆಗೆ ತಲೆ ಚಚ್ಚಿಕೊಳ್ಳುವ ಸದ್ದು.
ಆರಿಸಿಬಿಟ್ಟೆ.

"ಹನ್ನೊಂದು ವರ್ಷದ ಲೆಕ್ಕ," ಎಂದ.
"ಯಾರು ಕೊಡಬೇಕು, ಯಾರಿಗೆ ಕೊಡಬೇಕು,
ಯಾವ ದೋಣಿಯ ಮೀನು ಯಾವ ಡಬ್ಬಿಗೆ..."

ನಕಲು?
ಇತ್ತು. ಶುಕ್ರವಾರ ರಾತ್ರಿ ತಾನೇ ಆಗುತ್ತಿತ್ತು,
ಹಸಿರು ದೀಪ ಉರಿಯುತ್ತಿತ್ತು.
ತೆರೆದು ನೋಡಿದೆ:
ನಾಲ್ಕು ವರ್ಷದಿಂದ ಬರೀ ಹೆಸರುಗಳು,
ಒಳಗೆ ಸೊನ್ನೆ.
ಒಂದಗುಳು ಹಿಸುಕಿ ನೋಡಿದವರಿಲ್ಲ.

ಜೊತೆಗೆ ಬಂದಿದ್ದ ದೆಯೊಲಿಂದಾ
ಆಗ ಬಾಯಿ ಬಿಟ್ಟಳು.
ಇಪ್ಪತ್ತಾರು ವರ್ಷದಿಂದ ಅವಳ ಕೆಲಸ
ಪಾಳಿಗೊಂದು ಡಬ್ಬಿ ಒಡೆದು, ಮೂಸಿ,
ಬೆನ್ನೆಲುಬು ಚಿವುಟಿ, ನಾಲಗೆಗಿಟ್ಟು ನೋಡುವುದು.
"ಮುಚ್ಚಳ ಹೊಳೆದರೆ ಆಯಿತೇ?
ನನ್ನನ್ನೊಂದು ಮಾತು ಕೇಳಬಾರದಿತ್ತೇ?"

ಒಂಬತ್ತು ದಿನ.
ಧೂಳಿಲ್ಲದ ಕೋಣೆ, ಇನ್ನೊಂದು ಡಿಸ್ಕಿನಿಂದ ಕಿತ್ತ ಮುಳ್ಳು,
ತಟ್ಟೆಯ ಮೇಲೊಂದು ಗೀರು, ಕೂದಲಿಗಿಂತ ಸಪೂರ.
ಬಹುಪಾಲು ಬಂತು.
ಒಂದು ಚಳಿಗಾಲ ಮಾತ್ರ ಬರಲಿಲ್ಲ.
ಆಗ ಕಡ ಒಯ್ದವರೆಲ್ಲ ಈಗ ಬೆಲ್ಮಿರುವನ್ನು ಕಂಡರೆ
ತುಂಬ ಪ್ರೀತಿಯಿಂದ ಕೈ ಕುಲುಕುತ್ತಾರಂತೆ.

ಈಗ ಅಲ್ಲಿ ಮೂರು ನಕಲು,
ಒಂದು ದೂರದ ಬ್ರಾಗಾದಲ್ಲಿ, ಅವನ ಭಾವನ ಬೀರುವಿನೊಳಗೆ.
ಶುಕ್ರವಾರ ಪಾಳಿ ಮುಗಿಸಿದ ದೆಯೊಲಿಂದಾ
ಎಣ್ಣೆಗೈ ಒರೆಸಿಕೊಂಡು
ಯಾವುದಾದರೊಂದು ಹಳೆಯ ಬಿಲ್ ತೆರೆದು
ಗಟ್ಟಿಯಾಗಿ ಮೊತ್ತ ಓದುತ್ತಾಳೆ.
ಕಾಗದದ ಮೇಲೆ ಅವನು ಗೀಟು ಹಾಕುವ ತನಕ
ಕೋಟು ತೊಡುವುದಿಲ್ಲ.