ಒಳಗಿನ ಚಿಲಕ

ಲಾ ಪಾಸ್ ನಿಲ್ದಾಣಕ್ಕೆ ಬಸ್ಸು ಬಂದು ನಿಂತಾಗ
ನಾಲ್ಕೂಕಾಲು.
ಯಾರೂ ಇಳಿಯಲಿಲ್ಲ.
ಚಾಲಕ ಇಂಜಿನ್ನು ಆರಿಸಿದ, ದೀಪ ಆರಿಸಿದ,
ಟೋಪಿ ಮುಖಕ್ಕೆಳೆದು ಸ್ಟೀರಿಂಗಿಗೇ ಒರಗಿದ.
ಎದ್ದು ನಿಂತವಳು ನಾನೊಬ್ಬಳೇ,
ಚೀಲದ ಒಂದು ಪಟ್ಟಿ ಹೆಗಲಿಗೆ, ಇನ್ನೊಂದು ಗಾಳಿಗೆ.

"ಕೂತ್ಕೋ," ಅಂದಳು ಪಕ್ಕದ ಸತುರ್ನಿನಾ,
ಸುಕ್ರೆಯಿಂದ ಹನ್ನೆರಡು ತಾಸು
ನನ್ನ ಭುಜದ ಮೇಲೆ ಗೊರಕೆ ಹೊಡೆದವಳು.
"ಬಸ್ಸು ಬಂತು, ಬೆಳಕು ಬಂದಿಲ್ಲ.
ಬೆಳಕು ಬರದೆ ಊರು ಬಂದ ಹಾಗಲ್ಲ."

ಗಾಜಿನ ಆವಿ ಒರೆಸಿ ನೋಡಿದೆ.
ಹಳದಿ ದೀಪದಡಿ ಮೂರು ಟ್ಯಾಕ್ಸಿ.
ಒಬ್ಬ ಕೈ ಬೀಸಿದ,
ಎಷ್ಟು ಸಲಿಗೆಯಿಂದ ಅಂದರೆ
ಸೋದರಮಾವನೇ ಕರೆದೊಯ್ಯಲು ಬಂದ ಹಾಗೆ.

"ತಲೆ ನೋಡು. ಅವನದಲ್ಲ, ಕಾರಿನದು.
ಮೇಲೆ ಕಂಪನಿ ಹೆಸರಿದೆಯಾ, ನಂಬರಿದೆಯಾ?
ಬೋಳುತಲೆ ಕಾರು ಹತ್ತಬೇಡ.
ನೀನು ಹತ್ತಿದ ಮೇಲೆ ಇನ್ನೊಬ್ಬ ಹತ್ತಿದರೆ ಇಳಿ,
ಚೀಲ ಬಿಟ್ಟಾದರೂ ಇಳಿ."

ಬೆನ್ನಿನ ಬಣ್ಣದ ಬಟ್ಟೆಯ ಗಂಟು ಬಿಚ್ಚಿ
ಬೇಯಿಸಿದ ಜೋಳ, ಉಪ್ಪು ಗಿಣ್ಣು ನನ್ನ ಮಡಿಲಿಗಿಟ್ಟಳು.
"ನೀವು ಹುಡುಗೀರು ಬಿಸಿನೀರು ಕೇಳ್ತೀರಿ, ವೈಫೈ ಕೇಳ್ತೀರಿ.
ಚಿಲಕ ಕೇಳು.
ಒಳಗಿಂದ ಹಾಕೋ ಚಿಲಕ.
ದುಡ್ಡು ಕೊಡೋ ಮೊದಲು ಹಾಕಿ ನೋಡು,
ಸೊಂಟದ ಭಾರ ಬಿಟ್ಟು ಬಾಗಿಲು ಎಳೆದು ನೋಡು."

ನಗು ಬಂತು. ನನಗೆ ಹತ್ತೊಂಬತ್ತು.
ಅಂಗೈಯಲ್ಲಿ ನಕ್ಷೆ ಹೊಳೆಯುತ್ತಿತ್ತು, ನೀಲಿ ಚುಕ್ಕೆ ನಾನು.
ಕಾದಿರಿಸಿದ ಹಾಸಿಗೆ ಒಂಬತ್ತೇ ನಿಮಿಷ,
ಎಂಟು ಮಂದಿಯ ಕೋಣೆ, ನಾಲ್ಕೂವರೆ ನಕ್ಷತ್ರ.
ನಕ್ಷೆಗೆ ಏರು ಗೊತ್ತಿರಲಿಲ್ಲ.
ಕತ್ತಲೂ.

"ಇದೆಲ್ಲ ನಿಮಗೆ ಯಾರು ಹೇಳಿಕೊಟ್ಟರು?"
ಅವಳು ಜೋಳದ ಒಂದು ಕಾಳಿನ ಸಿಪ್ಪೆ ಸುಲಿದಳು,
ಬಹಳ ಹೊತ್ತು ಸುಲಿದಳು.
"ಯಾರೂ ಇಲ್ಲ," ಅಂದಳು.

ನಾನು ಮುಂದೆ ಕೇಳಲಿಲ್ಲ.
ಹಿಂದಿನ ಸೀಟಲ್ಲಿ ಮಗುವೊಂದು ನಿದ್ದೆಯಲ್ಲೇ ಕೆಮ್ಮಿತು.
ಕೈ ಬೀಸಿದವನು ಆಚೆ ಬಸ್ಸಿನತ್ತ ನಡೆದ.
ಅಲ್ಲಿ ಒಬ್ಬಳು ಇಳಿಯುತ್ತಿದ್ದಳು,
ನನ್ನಷ್ಟೇ ಎತ್ತರ, ತನಗಿಂತ ದೊಡ್ಡ ಚೀಲ.
ಅವನು ಆಗಲೇ ಆ ಚೀಲಕ್ಕೆ ಕೈ ಹಾಕಿದ್ದ.

ನಾನು ಗಾಜು ಬಡಿದೆ.
ಸತುರ್ನಿನಾ ಕಿಟಕಿ ಸರಿಸಿ, ಅರ್ಧ ಮೈ ಚಾಚಿ,
ಸಂತೆಯಲ್ಲಿ ಈರುಳ್ಳಿ ಕೂಗುವ ಗಂಟಲಲ್ಲಿ
"ಏ ಹುಡುಗೀ! ನಿಮ್ಮಮ್ಮ ಇಲ್ಲಿದಾಳೆ!"

ಕೊರಿಯಾದವಳಂತೆ, ಸೋಲ್‌ಬಿ. ಆಮೇಲೆ ತಿಳಿಯಿತು.
ಒಂದು ಮಾತೂ ಅರ್ಥವಾಗದೆ ಅವಳು ಬಂದಳು.
ಎರಡು ಸೀಟಿನಲ್ಲಿ ಮೂರನೆಯವಳಾಗಿ ಕೂತು
ಜೋಳವನ್ನು ಸಿಪ್ಪೆಸಮೇತ ತಿಂದಳು.

ಬೆಳಗಾಯಿತು, ತಡವಾಗಿ, ಬೇಕೋ ಬೇಡವೋ ಎಂಬಂತೆ.
ದೂರದ ಬೆಟ್ಟ ನುಣ್ಣಗೆ ಎನ್ನುತ್ತಾರೆ,
ಇಯಿಮಾನಿ ದೂರದಿಂದಲೇ ಹಲ್ಲು ತೋರಿಸಿತು.
ಆರಕ್ಕೆ ಕೆಂಪು ತೂಗುಡಬ್ಬಿಗಳು ಗುಡ್ಡ ಹತ್ತತೊಡಗಿದವು,
ಒಂದರಲ್ಲಿ ಸತುರ್ನಿನಾ, ಅವಳ ಗಂಟು, ಅವಳ ಟೋಪಿ.
ಹೋಗಿ ಬರುತ್ತೇನೆ ಅನ್ನಲಿಲ್ಲ.
ಸೊಂಟ ತಟ್ಟಿ ತೋರಿಸಿದಳು, ಅಷ್ಟೇ.

ಹಾಸ್ಟೆಲಿನ ವಿಲ್ಫ್ರೆದೊ ಕಣ್ಣುಜ್ಜುತ್ತ ಬಂದ.
ಎಂಟು ಮಂದಿಯ ಕೋಣೆಗೆ ಚಿಲಕವಿತ್ತು,
ಒಂದೇ ಸ್ಕ್ರೂವಿನಲ್ಲಿ ತಲೆಕೆಳಗಾಗಿ ನೇತಾಡುತ್ತಿತ್ತು.
"ಬೇರೆ ಕೋಣೆ," ಅಂದೆವು ಇಬ್ಬರೂ,
ಎರಡು ಭಾಷೆಯಲ್ಲಿ.

ಅವನು ಗೊಣಗುತ್ತ ಮೇಲಂತಸ್ತು ತೆರೆದ.
ಇಬ್ಬರಿಗೆ, ಹೆಚ್ಚಿನ ಬಾಡಿಗೆ, ತಣ್ಣೀರು.
ಚಿಲಕ ಕಬ್ಬಿಣದ್ದು, ನಾಲ್ಕಾರು ಸಲ ಬಣ್ಣ ಕುಡಿದದ್ದು.
ಹಾಕಿದೆವು.
ಇಬ್ಬರ ಸೊಂಟದ ಭಾರವನ್ನೂ ಬಿಟ್ಟು ಎಳೆದೆವು.
ಅಲುಗಲಿಲ್ಲ.

ಆಮೇಲೆ ತೆಗೆದು ನೋಡಿದೆವು.
ತೆಗೆಯಲು ಬರುತ್ತದೋ ಇಲ್ಲವೋ,
ಅದನ್ನೂ ನೋಡಬೇಕಲ್ಲ.